ಲಿಂಕ್ ಕಳಿಸಿದ್ದೀವಿ ಸರ್, ನೋಡಿ ಹೇಳಿ: ಸ್ಟುಡಿಯೊಗಳ ಕೆಲಸ ಯಾರ ಕೈ ದಾಟಿ ಹೋಗುತ್ತದೆ?

2025ರ ಜುಲೈ ಮಧ್ಯದಲ್ಲಿ ಒಂದು ಪ್ಯಾರಾ ಓದಿ ಜಗತ್ತಿನ ಅನೇಕ ಫೋಟೊಗ್ರಾಫರ್, ಎಡಿಟರ್, ಡಿಸೈನರ್‌ಗಳ ಎದೆ ಧಸಕ್ಕೆಂದಿತು. ದೊಡ್ಡ ಫೈಲ್‌ಗಳನ್ನು ಲಿಂಕ್ ಮೂಲಕ ಕಳಿಸುವ ವೀಟ್ರಾನ್ಸ್‌ಫರ್ ತನ್ನ ಬಳಕೆಯ ಷರತ್ತುಗಳನ್ನು ತಿದ್ದಿತ್ತು. ಆಗಸ್ಟ್ 8ರಿಂದ ಹೊಸದು ಜಾರಿ ಎಂದು ತಿಳಿಸಿತ್ತು. ನೀವು ಹಾಕುವ ಫೈಲ್‌ಗಳನ್ನು ಬಳಸಲು ಕಂಪನಿಗೆ ಶಾಶ್ವತ ಅನುಮತಿ ಇರುತ್ತದೆ, ಅದು ಇಡೀ ಜಗತ್ತಿಗೆ ಅನ್ವಯ, ಅದಕ್ಕೆ ದುಡ್ಡು ಕೊಡಬೇಕಿಲ್ಲ ಎಂದು 6.3ನೇ ಷರತ್ತು ಹೇಳುತ್ತಿತ್ತು. ಜೊತೆಗೆ ಮಷಿನ್ ಲರ್ನಿಂಗ್ (ಡೇಟಾ ನೋಡಿ ಕಲಿಯುವ ಎಐ) ಮಾಡೆಲ್‌ಗಳನ್ನು ಸುಧಾರಿಸುವ ಮಾತೂ ಇತ್ತು.

ಗಲಾಟೆ ಜೋರಾಯಿತು. ಕಂಪನಿ ಬೇಗನೆ ಷರತ್ತನ್ನು ಮತ್ತೆ ಬರೆಯಿತು. ಮಷಿನ್ ಲರ್ನಿಂಗ್ ಮಾತನ್ನು ತೆಗೆಯಿತು. ನಿಮ್ಮ ಫೈಲ್‌ಗಳಿಂದ ಎಐಗೆ ತರಬೇತಿ ಕೊಡುವುದಿಲ್ಲ, ಯಾರಿಗೂ ಮಾರುವುದಿಲ್ಲ ಎಂದಿತು. ಅಷ್ಟರಲ್ಲಿ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸುದ್ದಿ ಬಂತು. ವೀಟ್ರಾನ್ಸ್‌ಫರ್‌ನ ಮಾಲೀಕ ಕಂಪನಿಯೇ ವಿಡಿಯೊ ತಾಣ ವಿಮಿಯೊವನ್ನೂ ಸುಮಾರು 138 ಕೋಟಿ ಡಾಲರ್‌ಗೆ ಕೊಳ್ಳುತ್ತದಂತೆ. ಕ್ಲೈಂಟ್‌ಗೆ ವಿಡಿಯೊ ತೋರಿಸಲು ವರ್ಷಗಟ್ಟಲೆ ವಿಮಿಯೊ ಲಿಂಕನ್ನೇ ನಂಬಿದ್ದವರಿಗೆ ಇದೂ ಒಂದು ಕಳವಳ.

ಹಾಗಾದರೆ ಯಾವುದನ್ನು ಬಳಸೋದು? ಬಹಳ ಜನ ಆ್ಯಪ್ ಹೆಸರುಗಳ ಪಟ್ಟಿ ಕೇಳುತ್ತಾರೆ. ಆದರೆ ಈ ಆಯ್ಕೆ ಹೇಗೆ ನಡೆಯುತ್ತದೆ ಎಂದು ನೋಡಿದರೆ, ಆ್ಯಪ್‌ನ ಗುಣಕ್ಕಿಂತ ಬೇರೆ ವಿಷಯಗಳೇ ಜಾಸ್ತಿ ಕೆಲಸ ಮಾಡುತ್ತವೆ.

ಮೂರು ಕೆಲಸ, ಒಂದು ಲಿಂಕ್

ಮೊದಲು ಒಂದು ಗಂಟು ಬಿಡಿಸಬೇಕು. ಕ್ಲೈಂಟ್ ಜೊತೆ ಕೆಲಸ ಹಂಚಿಕೊಳ್ಳುವುದು ಎಂದಾಗ ಅದರೊಳಗೆ ಮೂರು ಬೇರೆ ಕೆಲಸಗಳಿವೆ. ಒಂದು, ಫೈಲನ್ನು ಇಲ್ಲಿಂದ ಅಲ್ಲಿಗೆ ಸಾಗಿಸುವುದು. ಎರಡು, ತೋರಿಸಿ ಕರೆಕ್ಷನ್ ಪಡೆಯುವುದು. ಮೂರು, ಮುಗಿದದ್ದನ್ನು ಜೋಪಾನವಾಗಿ ಇಡುವುದು.

ವೀಟ್ರಾನ್ಸ್‌ಫರ್ ಮೊದಲನೆಯದಕ್ಕೆ ಹುಟ್ಟಿದ್ದು. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾದಾಗ ಅದರ ಜಾಣತನ ಇದ್ದದ್ದು ಒಂದೇ ಕಡೆ: ಕಳಿಸುವವರಿಗೂ ಪಡೆಯುವವರಿಗೂ ಅಕೌಂಟ್ ಬೇಕಿರಲಿಲ್ಲ. ಫ್ರೇಮ್ ಡಾಟ್ ಐಒ ಎರಡನೆಯದಕ್ಕೆ. ಅದರಲ್ಲಿ ಕ್ಲೈಂಟ್ ವಿಡಿಯೊ ನಿಲ್ಲಿಸಿ, ಆ ಸೆಕೆಂಡಿನ ಮೇಲೆಯೇ ಟಿಪ್ಪಣಿ ಬರೆಯಬಹುದು. ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್ ಬೆಳೆದದ್ದು ಮೂರನೆಯದರ ಆಸುಪಾಸಿನಲ್ಲಿ.

ಸ್ಟುಡಿಯೊಗಳು ಸಾಮಾನ್ಯವಾಗಿ ಎಡವುವುದು ಇಲ್ಲೇ. ಒಂದಕ್ಕೆ ಕೊಂಡ ಆ್ಯಪನ್ನು ಮೂರಕ್ಕೂ ದುಡಿಸುತ್ತಾರೆ. ಸಾಗಿಸುವ ಲಿಂಕೇ ಗೋದಾಮು ಎಂದುಕೊಳ್ಳುತ್ತಾರೆ. 2024ರ ಡಿಸೆಂಬರ್‌ನಲ್ಲಿ ವೀಟ್ರಾನ್ಸ್‌ಫರ್ ಉಚಿತ ಬಳಕೆಗೆ 30 ದಿನಕ್ಕೆ 3 ಜಿಬಿ, 10 ಸಲ ಎಂಬ ಮಿತಿ ಹಾಕಿತು. ಲಿಂಕ್‌ನ ಆಯಸ್ಸನ್ನು ಮೂರು ದಿನಕ್ಕೆ ಇಳಿಸಿತು. ಶುಕ್ರವಾರ ಕಳಿಸಿದ ಲಿಂಕನ್ನು ಕ್ಲೈಂಟ್ ಮಂಗಳವಾರ ತೆರೆದರೆ ಅಲ್ಲಿ ಏನೂ ಇರುವುದಿಲ್ಲ.

ಗಾತ್ರದ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಒಂದು ಮದುವೆಯಲ್ಲಿ 4,000 ಫೋಟೊ, ಒಂದೊಂದು ರಾ ಫೈಲ್ (ಕ್ಯಾಮೆರಾದ ಕಚ್ಚಾ ಫೈಲ್) 30 ಎಂಬಿ ಎಂದಿಟ್ಟುಕೊಂಡರೆ 120 ಜಿಬಿ ಆಯಿತು. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಚಿತ್ರಿಸಿದ 4ಕೆ ವಿಡಿಯೊ ಗಂಟೆಗೆ 45 ಜಿಬಿ. ಅಪ್‌ಲೋಡ್ ವೇಗ ಸೆಕೆಂಡಿಗೆ 20 ಮೆಗಾಬಿಟ್ ಇರುವ ಊರಿನಿಂದ 120 ಜಿಬಿ ಏರಿಸಲು ಹದಿಮೂರು ಗಂಟೆಗೂ ಜಾಸ್ತಿ ಬೇಕು, ಅದೂ ನಡುವೆ ಕರೆಂಟ್ ಹೋಗದಿದ್ದರೆ. ಹಾರ್ಡ್ ಡಿಸ್ಕನ್ನು ಬಸ್ಸಿನಲ್ಲಿ ಕಳಿಸುವುದು ಹಳೇ ಕಾಲದ ಪದ್ಧತಿ ಎಂದು ನಗುವವರು ಈ ಗುಣಾಕಾರ ಮಾಡಿ ನೋಡಿಲ್ಲ ಅಷ್ಟೇ.

ಷರತ್ತಿನ ಭಾಷೆ ಯಾಕೆ ಹೆದರಿಸುತ್ತದೆ

ಈಗ ಜುಲೈ ಗಲಾಟೆಯ ಮೂಲಕ್ಕೆ ಬರೋಣ. ಫೈಲನ್ನು ಸುಮ್ನೆ ತಲುಪಿಸುವ ಕಂಪನಿಗೆ ಅದನ್ನು 'ಬಳಸುವ' ಅನುಮತಿ ಯಾಕೆ ಬೇಕು?

ಇಲ್ಲಿ ಕಂಪನಿಗಳ ಮಾತಿನಲ್ಲಿ ಅರ್ಧ ಸತ್ಯವಂತೂ ಇದೆ. ನೀವು ವಿಡಿಯೊ ಏರಿಸಿದಾಗ ಸರ್ವರ್ ಅದರ ಚಿಕ್ಕ ಪ್ರತಿ ಮಾಡುತ್ತದೆ, ಮೊಬೈಲ್‌ನಲ್ಲಿ ಓಡಲಿ ಅಂತ. ಕಾನೂನಿನ ಕಣ್ಣಿನಲ್ಲಿ ಅದು 'ಪ್ರತಿ ಮಾಡುವುದು'. ಫೋಟೊವನ್ನು ಪುಟ್ಟ ಚೌಕಕ್ಕೆ ಕುಗ್ಗಿಸಿದರೆ ಅದು 'ಮಾರ್ಪಡಿಸುವುದು'. ಬೇರೆ ದೇಶದ ಸರ್ವರ್‌ನಿಂದ ಕ್ಲೈಂಟ್‌ಗೆ ತೋರಿಸಿದರೆ ಅದು 'ಹಂಚುವುದು'. ಕಾಪಿರೈಟ್ ಇರುವ ಕೃತಿಗೆ ಇದ್ಯಾವುದನ್ನೂ ಅನುಮತಿ ಇಲ್ಲದೆ ಮಾಡುವ ಹಾಗಿಲ್ಲ. ಅದಕ್ಕೇ ಇಂಥ ಸೇವೆಗಳ ಷರತ್ತುಗಳಲ್ಲಿ ಈ ಶಬ್ದಗಳು ಮತ್ತೆ ಮತ್ತೆ ಕಾಣುತ್ತವೆ. ಇವು ಕಂಡ ಮಾತ್ರಕ್ಕೆ ಕಳ್ಳತನ ಅಲ್ಲ.

ಉಳಿದರ್ಧ ಇರುವುದು 'ಯಾತಕ್ಕಾಗಿ' ಎಂಬಲ್ಲಿ. 'ಸೇವೆ ನಡೆಸಲು' ಎಂದಿದ್ದರೆ ಅನುಮತಿಗೆ ಬೇಲಿ ಇದೆ. 'ಹೊಸ ತಂತ್ರಜ್ಞಾನ ಬೆಳೆಸಲು, ವ್ಯಾಪಾರಕ್ಕಾಗಿ' ಎಂದಿದ್ದರೆ ಬೇಲಿ ಮುರಿದುಬಿತ್ತು. ವೀಟ್ರಾನ್ಸ್‌ಫರ್‌ನ ಮೊದಲ ಕರಡಿನಲ್ಲಿ ಈ ಎರಡನೇ ಜಾತಿಯ ಮಾತುಗಳಿದ್ದವು. ಮಷಿನ್ ಲರ್ನಿಂಗ್ ಪ್ರಸ್ತಾಪ ಬಂದದ್ದು ಅಕ್ರಮ ಫೈಲ್‌ಗಳನ್ನು ಪತ್ತೆ ಮಾಡುವ ಸಂದರ್ಭದಲ್ಲಿ, ಅದನ್ನು ಜನ ತಪ್ಪಾಗಿ ಓದಿದರು ಎಂಬುದು ಕಂಪನಿಯ ವಾದ. ಅಕ್ಷರಶಃ ನೋಡಿದರೆ ಅದೂ ನಿಜ. ಆದರೆ ಅಷ್ಟು ಅಗಲದ ಬಾಗಿಲು ತೆರೆದಿಟ್ಟು, ಒಳಗೆ ಬರೋದು ಒಬ್ಬರೇ ಎಂದರೆ ಯಾರು ನಂಬುತ್ತಾರೆ? ಷರತ್ತಿನ ಬೆಲೆ ಇರುವುದು ಕಂಪನಿ ಇವತ್ತು ಏನು ಮಾಡುತ್ತಿದೆ ಎಂಬುದರಲ್ಲಲ್ಲ. ನಾಳೆ ಏನು ಮಾಡಲು ಬಿಡುತ್ತದೆ ಎಂಬುದರಲ್ಲಿ.

ಇದೇ ಮೊದಲ ಸಲವೂ ಅಲ್ಲ. 2023ರ ಡಿಸೆಂಬರ್‌ನಲ್ಲಿ ಡ್ರಾಪ್‌ಬಾಕ್ಸ್‌ನ ಒಂದು ಎಐ ಸೆಟ್ಟಿಂಗ್ ಕಂಡು ಜನ ಬೆಚ್ಚಿದ್ದರು. 2024ರ ಜೂನ್‌ನಲ್ಲಿ ಫೋಟೊಶಾಪ್ ಮಾಡುವ ಅಡೋಬಿಯ ಷರತ್ತುಗಳ ಮೇಲೆ ಇಂಥದ್ದೇ ಸಿಟ್ಟು ಬಂದಿತ್ತು. ಗ್ರಾಹಕರ ಕೆಲಸದಿಂದ ತನ್ನ ಎಐಗೆ ತರಬೇತಿ ಕೊಡುವುದಿಲ್ಲ ಎಂದು ಅಡೋಬಿ ಬರೆದು ಕೊಡಬೇಕಾಯಿತು. ಮೂರೂ ಸಲ ನಡೆದದ್ದು ಹೆಚ್ಚುಕಮ್ಮಿ ಒಂದೇ ಥರ: ಮೊದಲು ಗಾಬರಿ, ಆಮೇಲೆ ಕಂಪನಿಯ ಸ್ಪಷ್ಟನೆ.

ಫೋಟೊ ಯಾರದ್ದು ಅಂತೀರಿ?

ಈ ಚರ್ಚೆಯಲ್ಲಿ ಭಾರತದ ಸ್ಟುಡಿಯೊಗಳಿಗೆ ಒಂದು ವಿಶೇಷ ತೊಡಕಿದೆ. ಅದರ ಬಗ್ಗೆ ಮಾತು ಕಡಿಮೆ.

1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಏನು ಹೇಳುತ್ತದೆ ಗೊತ್ತಾ? ದುಡ್ಡು ಕೊಟ್ಟು ಯಾರೋ ಒಬ್ಬರು ಹೇಳಿ ತೆಗೆಸಿದ ಫೋಟೊ ಅಥವಾ ಮಾಡಿಸಿದ ಸಿನಿಮಾ ಆದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಅದರ ಮೊದಲ ಒಡೆಯ ದುಡ್ಡು ಕೊಟ್ಟವರೇ. ಅಂದರೆ ಬರವಣಿಗೆಯ ಕರಾರು ಇಲ್ಲದೆ ಮದುವೆ ಫೋಟೊ ತೆಗೆದ ಸ್ಟುಡಿಯೊ ಸಾಮಾನ್ಯವಾಗಿ ಆ ಫೋಟೊಗಳ ಕಾಪಿರೈಟ್ ಒಡೆಯನೇ ಅಲ್ಲ. 'ನಾನು ತೆಗೆದದ್ದು, ನನ್ನದು' ಎಂಬುದು ಈ ರಂಗದ ದೊಡ್ಡ ತಪ್ಪು ತಿಳಿವಳಿಕೆ.

ಈಗ ಎರಡನ್ನೂ ಜೋಡಿಸಿ. ಷರತ್ತು ಒಪ್ಪಿ ಬಟನ್ ಒತ್ತುವುದು ಸ್ಟುಡಿಯೊ. 'ಈ ಫೈಲ್ ಮೇಲೆ ನನಗೆ ಹಕ್ಕಿದೆ, ಇಂತಿಂಥ ಅನುಮತಿ ಕೊಡುತ್ತೇನೆ' ಎಂದು ಹೇಳುವುದೂ ಸ್ಟುಡಿಯೊ. ಆದರೆ ಹಕ್ಕು ಇರುವುದು ಪಾರ್ಟಿಯವರ, ಅಂದರೆ ದುಡ್ಡು ಕೊಟ್ಟವರ ಹತ್ತಿರ. ತನ್ನದಲ್ಲದ ವಸ್ತುವಿಗೆ ತಾನು ಅನುಮತಿ ಕೊಟ್ಟಂತಾಯಿತು. ಮುಂದೆ ತಕರಾರು ಬಂದರೆ ಆ್ಯಪ್ ಕಂಪನಿ ಬೆರಳು ತೋರಿಸುವುದು ಸ್ಟುಡಿಯೊ ಕಡೆಗೇ.

ಲೋಗೊ, ಪೋಸ್ಟರ್ ಮಾಡುವ ಡಿಸೈನರ್‌ಗಳ ಲೆಕ್ಕ ಬೇರೆ. ಹೊರಗಿನಿಂದ ಗುತ್ತಿಗೆ ಮೇಲೆ ಮಾಡಿಕೊಟ್ಟ ಲೋಗೊದ ಹಕ್ಕು, ಬರೆದು ವರ್ಗಾಯಿಸುವ ತನಕ, ಸಾಮಾನ್ಯವಾಗಿ ಮಾಡಿದವರದ್ದೇ. ಹಾಗಾಗಿ ಒಂದೇ ಆ್ಯಪ್, ಒಂದೇ ಷರತ್ತು, ಫೋಟೊ ಸ್ಟುಡಿಯೊಗೆ ಒಂದು ಪರಿಣಾಮ, ಡಿಸೈನ್ ಸ್ಟುಡಿಯೊಗೆ ಇನ್ನೊಂದು. ವಿದೇಶಿ ಬರಹಗಳಲ್ಲಿ ಸಿಗುವ ಸಲಹೆಯನ್ನು ಹಾಗೇ ಎತ್ತಿಕೊಂಡರೆ ನಮ್ಮಲ್ಲಿ ಕೈ ಕೊಡುವುದು ಇದಕ್ಕೇ.

ಆಯ್ಕೆ ಮಾಡೋರು ಯಾರು?

ಸಾಫ್ಟ್‌ವೇರ್‌ಗೆ ದುಡ್ಡು ಕೊಡುವುದು ಸ್ಟುಡಿಯೊ. ಆದರೆ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ತೀರ್ಮಾನ ಮಾಡುವುದು ಕ್ಲೈಂಟ್. ಈ ವಿಚಿತ್ರ ಅರ್ಥವಾದರೆ ಉಳಿದದ್ದು ಅರ್ಥವಾಗುತ್ತದೆ.

ಮದುವೆ ಸ್ಟುಡಿಯೊ ತಗೊಳ್ಳಿ. ಆಲ್ಬಂ ಸೆಲೆಕ್ಷನ್‌ಗೆ ಒಂದು ಚಂದದ ಗ್ಯಾಲರಿ ಆ್ಯಪ್ ತಂದರು ಎಂದುಕೊಳ್ಳಿ. ಹುಡುಗಿಯ ತಾಯಿ ಅದನ್ನು ತೆರೆದರೆ ಮೊದಲು ಇಮೇಲ್ ಕೇಳುತ್ತದೆ, ಆಮೇಲೆ ಪಾಸ್‌ವರ್ಡ್. ಅವರು ಅಲ್ಲೇ ಮುಚ್ಚುತ್ತಾರೆ. 'ವಾಟ್ಸ್ಆ್ಯಪ್‌ನಲ್ಲಿ ಹಾಕಿಬಿಡಿ' ಎಂದು ಫೋನ್ ಬರುತ್ತದೆ. ಹಾಕಿದ್ದಾಯಿತು. ವಾಟ್ಸ್ಆ್ಯಪ್ ಮಾಮೂಲಿಯಾಗಿ ಕಳಿಸಿದ ಫೋಟೊ, ವಿಡಿಯೊವನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ 2 ಜಿಬಿವರೆಗೆ ಮೂಲ ರೂಪದಲ್ಲೇ ಹೋಗುತ್ತದೆ, ಆದರೆ ಅವಸರದಲ್ಲಿ ಆ ದಾರಿ ಹಿಡಿಯುವವರು ಕಡಿಮೆ. ಹಿಂಡಿದ ವಿಡಿಯೊದಲ್ಲಿ ರೇಷ್ಮೆ ಸೀರೆಯ ಅಂಚು ಕಲಸಿಹೋಗುತ್ತದೆ. 'ಬಣ್ಣ ಸರಿ ಇಲ್ಲ, ಕ್ಲಿಯರ್ ಇಲ್ಲ' ಎಂದು ಕರೆಕ್ಷನ್ ಬರುತ್ತದೆ. ಇಲ್ಲದ ತಪ್ಪನ್ನು ತಿದ್ದಲು ಎಡಿಟರ್ ಕೂರುತ್ತಾನೆ. ಒಂದು ಪಾಸ್‌ವರ್ಡ್ ಕೇಳಿದ್ದರಿಂದ ಎರಡು ದಿನದ ಕೆಲಸ ಹಾಳು.

ಆದ್ದರಿಂದ ಸಣ್ಣ ಸ್ಟುಡಿಯೊಗಳ ಮೊದಲ ಪರೀಕ್ಷೆ ಒಂದೇ: ಲಾಗಿನ್ ಇಲ್ಲದೆ, ಮೊಬೈಲ್‌ನಲ್ಲಿ, ಒಂದೇ ಸಲಕ್ಕೆ ತೆರೆದುಕೊಳ್ಳುತ್ತದಾ? ಭದ್ರತೆ ಬಲ್ಲವರಿಗೆ ಇದು ಸಿಟ್ಟು ತರಿಸುತ್ತದೆ. ಲಾಗಿನ್ ಇಲ್ಲದ ಲಿಂಕ್ ಅಂದರೆ ಸಿಕ್ಕಿದವರೆಲ್ಲ ನೋಡಬಹುದಾದ ಲಿಂಕ್. ಅವರ ಸಿಟ್ಟೂ ಸರಿ. ಇವರ ಕಷ್ಟವೂ ಸರಿ.

ಕಾರ್ಪೊರೇಟ್ ಕ್ಲೈಂಟ್‌ನಲ್ಲಿ ಕಥೆ ತಿರುಗುಮುರುಗು. ಅಲ್ಲಿನ ಐಟಿ ವಿಭಾಗ ಹೊರಗಿನ ಹಂಚಿಕೆ ತಾಣಗಳನ್ನು ಬ್ಲಾಕ್ ಮಾಡಿರುವುದು ಮಾಮೂಲು. 'ನಮ್ಮ ಫೋಲ್ಡರ್‌ಗೇ ಹಾಕಿ' ಎಂದರೆ ಹಾಕಬೇಕು ಅಷ್ಟೇ.

ಬೆಂಗಳೂರಿನಲ್ಲಿ ಹಾಲಿವುಡ್‌ಗೆ ವಿಎಫ್‌ಎಕ್ಸ್ (ಕಂಪ್ಯೂಟರ್‌ನಲ್ಲಿ ದೃಶ್ಯ ಕಟ್ಟುವ ಕೆಲಸ) ಮಾಡುವ ಸ್ಟುಡಿಯೊಗಳಿಗಂತೂ ಆಯ್ಕೆ ಎಂಬುದೇ ಹೆಚ್ಚು ಉಳಿದಿಲ್ಲ. ಅಮೆರಿಕದ ಮೋಷನ್ ಪಿಕ್ಚರ್ ಅಸೋಸಿಯೇಷನ್ ನಡೆಸುವ ಟ್ರಸ್ಟೆಡ್ ಪಾರ್ಟ್‌ನರ್ ನೆಟ್‌ವರ್ಕ್ ಎಂಬ ವ್ಯವಸ್ಥೆಯಿದೆ. ಸ್ಟುಡಿಯೊದ ಭದ್ರತೆ ಹೇಗಿದೆ ಎಂದು ಅದು ಅಳೆಯುತ್ತದೆ. ದೊಡ್ಡ ನಿರ್ಮಾಣ ಸಂಸ್ಥೆಗಳು ಕೆಲಸ ಕೊಡುವ ಮೊದಲು ಅದನ್ನು ನೋಡುತ್ತವೆ. ಹೀಗೆ ಬಿಗಿ ಮಾಡಲು ಕಾರಣವೂ ಇದೆ. ಹಾಲಿವುಡ್‌ನ ಒಂದು ಪುಟ್ಟ ಸೌಂಡ್ ಸ್ಟುಡಿಯೊಗೆ ಹ್ಯಾಕರ್‌ಗಳು ನುಗ್ಗಿ, 2017ರಲ್ಲಿ ಬಿಡುಗಡೆಗೆ ಮೊದಲೇ ಒಂದು ಧಾರಾವಾಹಿಯ ಕಂತುಗಳನ್ನು ಸೋರಿಸಿದರು. ಅವರು ಕೇಳಿದ ದುಡ್ಡನ್ನು ಸ್ಟುಡಿಯೊ ಕೊಟ್ಟರೂ ಬಿಡಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಇನ್ನೊಂದು ಹೆಸರಾಂತ ಅಮೆರಿಕನ್ ಧಾರಾವಾಹಿಯ ಕಂತು ಭಾರತದಿಂದಲೇ ಸೋರಿತು. ಮುಂಬೈ ಪೊಲೀಸರು ನಾಲ್ವರನ್ನು ಬಂಧಿಸಿದರು. ಎರಡೂ ಕಡೆ ಸೋರಿದ್ದು ದೊಡ್ಡ ಕಂಪನಿಯ ಮನೆಯಿಂದಲ್ಲ, ಕೆಲಸ ಮಾಡಿಕೊಡುವವರ ಮನೆಯಿಂದ.

ಇಂಥ ಸ್ಟುಡಿಯೊಗಳಲ್ಲಿ ಫೈಲ್ ಸಾಗಿಸಲು ಆಸ್ಪೆರಾ, ಸಿಗ್ನಿಯಂಟ್‌ನಂಥ ದುಬಾರಿ ಸಾಫ್ಟ್‌ವೇರ್ ಇರುತ್ತದೆ. ಅದಕ್ಕೂ ಒಂದು ತಾಂತ್ರಿಕ ಕಾರಣ ಇದೆ. ಮಾಮೂಲಿ ಇಂಟರ್‌ನೆಟ್ ವಿಧಾನದಲ್ಲಿ ಒಂದಿಷ್ಟು ಡೇಟಾ ಕಳಿಸಿ, 'ತಲುಪಿತು' ಎಂಬ ಉತ್ತರಕ್ಕೆ ಕಾಯಬೇಕು. ಬೆಂಗಳೂರಿನಿಂದ ಲಾಸ್ ಏಂಜಲೀಸ್‌ಗೆ ಹೋಗಿ ಬರಲು ಸೆಕೆಂಡಿನ ಕಾಲು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಲಕ್ಷಾಂತರ ಸಲ ಹೀಗೆ ಕಾದರೆ ಎಷ್ಟು ದಪ್ಪ ಕೇಬಲ್ ಇದ್ದರೂ ವೇಗ ಸಾಯುತ್ತದೆ. ಆಸ್ಪೆರಾ ಆ ಕಾಯುವಿಕೆಯನ್ನೇ ಬದಿಗಿಟ್ಟು ತನ್ನದೇ ದಾರಿಯಲ್ಲಿ ಕಳಿಸುತ್ತದೆ. ದುಡ್ಡು ಕೊಡುವುದು ಅದಕ್ಕೆ.

ಮಾಲೀಕರು ಬದಲಾದಾಗ

ಮತ್ತೆ ವೀಟ್ರಾನ್ಸ್‌ಫರ್ ಕಡೆ ನೋಡೋಣ. 2024ರ ಜುಲೈನಲ್ಲಿ ಅದನ್ನು ಕೊಂಡದ್ದು ಇಟಲಿಯ ಮಿಲಾನ್‌ನ ಬೆಂಡಿಂಗ್ ಸ್ಪೂನ್ಸ್. ಹೆಸರಿರುವ ಹಳೇ ಆ್ಯಪ್‌ಗಳನ್ನು ಕೊಂಡು, ಖರ್ಚು ಕಡಿದು, ಲಾಭಕ್ಕೆ ತರುವುದು ಇದರ ದಾರಿ. ಟಿಪ್ಪಣಿ ಬರೆದಿಡುವ ಆ್ಯಪ್ ಎವರ್‌ನೋಟ್ ಕೊಂಡ ಮೇಲೆ ಉಚಿತ ಬಳಕೆಯನ್ನು 50 ಟಿಪ್ಪಣಿಗಳಿಗೆ ಇಳಿಸಿತ್ತು. ವೀಟ್ರಾನ್ಸ್‌ಫರ್ ಕೈಗೆ ಬಂದ ಕೆಲವೇ ವಾರಗಳಲ್ಲಿ ಮುಕ್ಕಾಲು ಭಾಗ ಸಿಬ್ಬಂದಿಯನ್ನು ತೆಗೆಯುವುದಾಗಿ ಹೇಳಿತು. ಉಚಿತ ಮಿತಿ ಕುಗ್ಗಿದ್ದು ಅದೇ ವರ್ಷದ ಕೊನೆಯಲ್ಲಿ, ಷರತ್ತಿನ ಗಲಾಟೆ ಅದರ ಮರುವರ್ಷ.

ಇದನ್ನು ಬರೀ ದುರಾಸೆ ಎಂದು ಬಯ್ದು ಮುಗಿಸಿದರೆ ಪೂರ್ತಿ ಚಿತ್ರ ಸಿಗುವುದಿಲ್ಲ. ಜಾಗ, ಬ್ಯಾಂಡ್‌ವಿಡ್ತ್ ಎರಡಕ್ಕೂ ತಿಂಗಳು ತಿಂಗಳು ಬಿಲ್ ಬರುತ್ತದೆ. ಉಚಿತವಾಗಿ ಕೊಟ್ಟದ್ದು ಹೊಸ ಬಂಡವಾಳ ಬರುತ್ತಿರುವ ತನಕ ಮಾತ್ರ ನಡೆಯುತ್ತದೆ. ಡ್ರಾಪ್‌ಬಾಕ್ಸ್ ಕೂಡ 2023ರಲ್ಲಿ ತನ್ನ 'ಬೇಕಾದಷ್ಟು ಜಾಗ' ಯೋಜನೆಯನ್ನು ನಿಲ್ಲಿಸಿತು. ಕ್ರಿಪ್ಟೊ ಮೈನಿಂಗ್‌ಗೆ (ಕಂಪ್ಯೂಟರ್‌ನಿಂದ ಡಿಜಿಟಲ್ ನಾಣ್ಯ ಗಳಿಸಲು) ಅದನ್ನು ಬಳಸುವವರು ಜಾಸ್ತಿಯಾದರು ಎಂಬುದು ಅದು ಕೊಟ್ಟ ಒಂದು ಕಾರಣ. 2022ರಲ್ಲಿ ವಿಮಿಯೊ ತನ್ನ ಕೆಲವು ಬಳಕೆದಾರರಿಗೆ ಇದ್ದಕ್ಕಿದ್ದಂತೆ ಸಾವಿರಾರು ಡಾಲರ್ ಕಟ್ಟಿ ಎಂದು, ಆಮೇಲೆ ಕ್ಷಮೆ ಕೇಳಿತ್ತು.

ಸ್ಟುಡಿಯೊಗೆ ಆಗುವ ದೊಡ್ಡ ನಷ್ಟ ಬೆಲೆ ಏರಿಕೆಯಲ್ಲಿಲ್ಲ. ಅದು ಇರುವುದು ಟಿಪ್ಪಣಿಗಳಲ್ಲಿ. ಡಿಸೈನರ್‌ಗಳು ಕ್ಲೈಂಟ್‌ಗೆ ಮಾದರಿ ತೋರಿಸಲು ಬಳಸುತ್ತಿದ್ದ ಇನ್‌ವಿಷನ್ 2024ರ ಕೊನೆಗೆ ಬಾಗಿಲು ಹಾಕಿತು. ಡಿಸೈನ್ ಫೈಲ್ ಎಲ್ಲರ ಹತ್ತಿರವೂ ಇರುತ್ತದೆ. ಆದರೆ 'ಈ ಬಣ್ಣ ಓಕೆ, ಮುಂದುವರಿಸಿ' ಎಂದು ಕ್ಲೈಂಟ್ ಬರೆದ ಸಾಲು? ಅದು ಇರುವುದು ಆ್ಯಪ್‌ನೊಳಗೆ ಮಾತ್ರ. ಆರು ತಿಂಗಳ ನಂತರ 'ನಾವು ಇದಕ್ಕೆ ಒಪ್ಪಿರಲೇ ಇಲ್ಲ' ಎಂದರೆ ತೋರಿಸಲು ದಾಖಲೆ ಬೇಕು. ಕೊನೆಯ ಕಂತಿನ ದುಡ್ಡು ನಿಂತಿರುವುದು ಎಷ್ಟೋ ಸಲ ಆ ಒಂದು ಸಾಲಿನ ಮೇಲೆ.

ಸರ್ಕಾರದ ಕಡೆಯಿಂದಲೂ ಬಾಗಿಲು ಮುಚ್ಚಿದ್ದುಂಟು. 2014ರ ಕೊನೆಯಲ್ಲಿ ಭಾರತದಲ್ಲಿ ಬ್ಲಾಕ್ ಆದ 32 ತಾಣಗಳಲ್ಲಿ ವಿಮಿಯೊ ಕೂಡ ಇತ್ತು. 2020ರ ಮೇನಲ್ಲಿ ದೂರಸಂಪರ್ಕ ಇಲಾಖೆ ವೀಟ್ರಾನ್ಸ್‌ಫರ್ ಬ್ಲಾಕ್ ಮಾಡಲು ಆದೇಶಿಸಿತು. ಲಾಕ್‌ಡೌನ್ ಹೊತ್ತು ಅದು, ಎಲ್ಲರೂ ಮನೆಯಿಂದಲೇ ಫೈಲ್ ಕಳಿಸುತ್ತಿದ್ದ ಕಾಲ.

ಬ್ಯಾಂಕಿನ ನಿಯಮವೂ ಒಂದು ಕಾರಣವಾಗಬಹುದು ಎಂದರೆ ನಗು ಬರಬಹುದು. ತಾನಾಗೇ ಕಡಿತವಾಗುವ ಪಾವತಿಗಳ ಬಗ್ಗೆ ರಿಸರ್ವ್ ಬ್ಯಾಂಕಿನ ಬಿಗಿ ನಿಯಮ 2021ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಾಗ, ವಿದೇಶಿ ಚಂದಾಗಳ ಎಷ್ಟೋ ಕಾರ್ಡ್ ಪಾವತಿಗಳು ಬಿದ್ದುಹೋದವು. ಚಂದಾ ನಿಂತರೆ ಲಿಂಕೂ ನಿಲ್ಲುತ್ತದೆ ಅಲ್ವಾ? ಡಾಲರ್ ಲೆಕ್ಕ, ಅದರ ಮೇಲೆ 18% ಜಿಎಸ್‌ಟಿ, ಇವೆಲ್ಲ ಸೇರಿದಾಗ ಸಣ್ಣ ಸ್ಟುಡಿಯೊ 15 ಜಿಬಿ ಉಚಿತ ಗೂಗಲ್ ಡ್ರೈವ್‌ಗೇ ಜೋತುಬೀಳುವುದು ಸೋಮಾರಿತನದಿಂದಲ್ಲ.

ನಮ್ಮದೇ ಸರ್ವರ್ ಇಟ್ಟುಕೊಂಡರೆ?

ಇಷ್ಟೆಲ್ಲ ರಗಳೆ ಬೇಡ, ಆಫೀಸಿನಲ್ಲೇ ಒಂದು ನ್ಯಾಸ್ ಪೆಟ್ಟಿಗೆ (ನೆಟ್‌ವರ್ಕ್‌ಗೆ ಜೋಡಿಸಿದ ಹಾರ್ಡ್ ಡಿಸ್ಕ್‌ಗಳ ಪೆಟ್ಟಿಗೆ) ಇಟ್ಟು, ನೆಕ್ಸ್ಟ್‌ಕ್ಲೌಡ್‌ನಂಥ ಮುಕ್ತ ಸಾಫ್ಟ್‌ವೇರ್ ಹಾಕಿ ಎನ್ನುವವರಿದ್ದಾರೆ. ಷರತ್ತಿನ ಚಿಂತೆ ಹೋಗುತ್ತದೆ, ನಿಜ. ಬದಲಿಗೆ ಬರುವುದು ಕರೆಂಟ್, ಯುಪಿಎಸ್, ಅಪ್‌ಡೇಟ್, ಹ್ಯಾಕ್ ಆಗುವ ಭಯ. ಕ್ಯುನ್ಯಾಪ್ ಕಂಪನಿಯ ಇಂಥ ಪೆಟ್ಟಿಗೆಗಳು, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್‌ಗೆ ಸಿಕ್ಕಿ, 2021-22ರಲ್ಲಿ ಎಷ್ಟೋ ಜನ ತಮ್ಮ ಫೈಲ್ ಕಳೆದುಕೊಂಡರು. ಐಟಿ ನೋಡಿಕೊಳ್ಳಲು ಒಬ್ಬರಾದರೂ ಇರುವ ಸ್ಟುಡಿಯೊಗೆ ಇದು ಒಪ್ಪುತ್ತದೆ. ಫೋಟೊ ತೆಗೆಯುವವರೇ ಬಿಲ್ ಬರೆಯುವ, ಆಲ್ಬಂ ಡಿಸೈನ್ ಮಾಡುವ ಅಂಗಡಿಗೆ ಒಪ್ಪುವುದಿಲ್ಲ. ಆದರೆ ಇಡುವ ಕೆಲಸಕ್ಕಷ್ಟೇ ಸ್ವಂತ ಪೆಟ್ಟಿಗೆ, ತೋರಿಸಲು ಬಾಡಿಗೆ ಆ್ಯಪ್ ಎಂಬ ಬೆರಕೆ ದಾರಿ ಸಣ್ಣವರಿಗೂ ಸಾಧ್ಯ. ಆಗ ಆ್ಯಪ್ ಮುಚ್ಚಿದರೂ ಹೋಗುವುದು ಲಿಂಕ್ ಮಾತ್ರ.

2027ರ ಮೇ ಹೊತ್ತಿಗೆ

ಮುಂದಿನ ಬದಲಾವಣೆ ಆ್ಯಪ್ ಕಂಪನಿಗಳಿಂದಲ್ಲ, ದಿಲ್ಲಿಯಿಂದ ಬರುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಮುಖ್ಯ ಹೊಣೆಗಾರಿಕೆಗಳು 18 ತಿಂಗಳ ನಂತರ, ಅಂದರೆ 2027ರ ಮೇ ಹೊತ್ತಿಗೆ ಜಾರಿಗೆ ಬರಬೇಕು.

ಮದುವೆಮನೆಗಳಲ್ಲಿ ಈಗ ಕ್ಯುಆರ್ ಕೋಡ್ ಇಡುತ್ತಾರೆ. ನೆಂಟರು ಒಂದು ಸೆಲ್ಫಿ ಕೊಟ್ಟರೆ, ಅವರ ಮುಖ ಇರುವ ಫೋಟೊಗಳೆಲ್ಲ ಮೊಬೈಲ್‌ಗೆ ಬರುತ್ತವೆ. ನೆಂಟರಿಗೆ ಖುಷಿ. ಆದರೆ ಮುಖ ಹೊಂದಿಸಬೇಕಾದರೆ ಆ್ಯಪ್ ಸೆಲ್ಫಿ ಕೊಟ್ಟವರ ಮುಖವನ್ನಷ್ಟೇ ನೋಡಿದರೆ ಸಾಲದು. ಎಲ್ಲರ ಮುಖವನ್ನೂ ಓದಿರಬೇಕು. ಊಟದ ಸಾಲಿನಲ್ಲಿ ಕೂತ ಮಕ್ಕಳದ್ದೂ ಸೇರಿ. ಮನೆಯವರು ತಮ್ಮ ಸ್ವಂತಕ್ಕೆ ಫೋಟೊ ಇಟ್ಟುಕೊಂಡರೆ ಕಾಯ್ದೆ ಅಡ್ಡ ಬರುವುದಿಲ್ಲ. ಸ್ಟುಡಿಯೊ ಮಾಡುವುದು ವ್ಯಾಪಾರ, ಅದಕ್ಕೆ ಆ ವಿನಾಯಿತಿ ಸಿಗುವುದು ಕಷ್ಟ. ಹದಿನೆಂಟು ತುಂಬದವರ ಡೇಟಾಗೆ ಹೆತ್ತವರ ಒಪ್ಪಿಗೆ ಬೇಕು ಎನ್ನುತ್ತದೆ ಕಾಯ್ದೆ.

ಯಾರು ಹೊಣೆ ಎಂಬಲ್ಲೂ ಕಾಯ್ದೆ ಖಡಕ್ಕಾಗಿದೆ. ಡೇಟಾವನ್ನು ಯಾತಕ್ಕೆ, ಹೇಗೆ ಬಳಸಬೇಕೆಂದು ತೀರ್ಮಾನಿಸಿದವರು, ಕೆಲಸವನ್ನು ಬೇರೆಯವರಿಂದ ಮಾಡಿಸಿದರೂ ತಾವೇ ಉತ್ತರ ಕೊಡಬೇಕು. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಸಣ್ಣ ಅಂಗಡಿಗೆ ಅಷ್ಟು ಬೀಳಲಿಕ್ಕಿಲ್ಲ ಬಿಡಿ. ಆದರೂ 'ಆ್ಯಪ್‌ನವರು ಮಾಡಿದ್ದು, ನಮಗೆ ಗೊತ್ತಿಲ್ಲ' ಎಂಬ ಉತ್ತರ ನಡೆಯುವುದಿಲ್ಲ.

ಇದರ ಪರಿಣಾಮ ಕೊಟೇಶನ್‌ನಲ್ಲೇ ಕಾಣಿಸಿಕೊಳ್ಳಬೇಕಾಗುತ್ತದೆ. ಎಷ್ಟು ಫೋಟೊ, ಎಷ್ಟು ಪುಟದ ಆಲ್ಬಂ ಎಂದು ಬರೆಯುವ ಜಾಗದಲ್ಲಿ ಇನ್ನು ಕೆಲವು ಸಾಲು ಸೇರುತ್ತವೆ: ಕಾಪಿರೈಟ್ ಯಾರಿಗೆ, ಯಾವ ಆ್ಯಪ್ ಮೂಲಕ ಕೊಡುತ್ತೇವೆ, ಮುಖ ಗುರುತಿಸುವ ಸೌಲಭ್ಯ ಬೇಕೋ ಬೇಡವೋ, ಲಿಂಕ್ ಎಷ್ಟು ದಿನ ಇರುತ್ತದೆ, ಆಮೇಲೆ ಅಳಿಸುವವರು ಯಾರು. ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಷ್ಟದ್ದು. ಮೂರು ವರ್ಷ ಬಿಟ್ಟು ಅದೇ ಪಾರ್ಟಿಯವರು ಮಗುವಿನ ನಾಮಕರಣಕ್ಕೆ ಬಂದಾಗ 'ನಮ್ಮ ಮದುವೆ ಡೇಟಾ ಇನ್ನೂ ಇದೆಯಾ' ಎಂದು ಮೊದಲು ಕೇಳುತ್ತಾರಲ್ಲ.